ಪೇಂಟಿಂಗ್‌ಗೂ ಮೂಲಪತ್ರ ಇರತ್ತೆ: ವ್ಯಾನ್ ಗೋನ ಹಳದಿ ಮನೆ ಇಟ್ಕೊಂಡು ಒಂದು ಚಿತ್ರದ ಹಿಸ್ಟರಿ ಹುಡುಕೋದು ಹೇಗೆ

ನಮ್ಮಪ್ಪ ತುಮಕೂರಲ್ಲಿ ಪತ್ರ ಬರಹಗಾರರಾಗಿದ್ರು, ಸಬ್ ರಿಜಿಸ್ಟ್ರಾರ್ ಆಫೀಸ್ ಎದುರಿಗೆ ಒಂದು ಮೇಜು ಎರಡು ಕುರ್ಚಿ, ನನ್ನ ಬೇಸಿಗೆ ರಜ ಎಲ್ಲಾ ಆ ಮೇಜಿನ ಪಕ್ಕದಲ್ಲೇ ಕಳೀತು. ಯಾರಾದ್ರೂ ಸೈಟ್ ತಗೋತೀನಿ ಅಂತ ಖುಷಿಯಾಗಿ ಬಂದ್ರೆ ಅಪ್ಪ ರೇಟ್ ಕೇಳ್ತಾನೇ ಇರ್ಲಿಲ್ಲ. ಮೂಲಪತ್ರ ತಂದಿದೀರಾ, ಚಕ್ಕುಬಂದಿ (ನಾಲ್ಕು ದಿಕ್ಕಿಗೆ ಏನಿದೆ ಅನ್ನೋದು) ಏನು, ಇಸಿ (ಆಸ್ತಿ ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋ ದಾಖಲೆ) ಎಷ್ಟು ವರ್ಷದ್ದು ತೆಗ್ಸಿದೀರಾ, ಇಷ್ಟೇ. ನಾನು ಆ ಕಸುಬು ಕಲೀಲಿಲ್ಲ, ಸಾಫ್ಟ್‌ವೇರ್ ಅಂತ ಹೊರಟು ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇದೀನಿ. ಇಲ್ಲಿ ಮ್ಯೂಸಿಯಂ ಕಾರ್ಡ್ ಅಂತ ಒಂದು ಸಿಗತ್ತೆ, ಒಂದ್ಸಲ ದುಡ್ಡು ಕಟ್ಟಿದ್ರೆ ವರ್ಷ ಪೂರ್ತಿ ಸುತ್ತಬಹುದು, ಮಳೆ ಬಂದಾಗೆಲ್ಲ ನಾನು ಯಾವ್ದಾದ್ರೂ ಮ್ಯೂಸಿಯಂ ಒಳಗೆ ನುಗ್ತೀನಿ, ಇಲ್ಲಿ ಮಳೆ ಎಷ್ಟು ಬರತ್ತೆ ಅಂತ ಇಲ್ಲಿರೋರಿಗೆ ಗೊತ್ತು. ಚಿತ್ರದ ಪಕ್ಕದ ಲೇಬಲ್ ಓದೋವಾಗ ನಂಗೆ ಬರೋದು ಅಪ್ಪನ ಪ್ರಶ್ನೆಗಳೇ: ಇದು ಯಾವ ಜಾಗ, ಯಾರ ಕೈಯಿಂದ ಯಾರ ಕೈಗೆ ಬಂತು, ಕಾಗದ ಎಲ್ಲಿ.

ಆ ಪ್ರಶ್ನೆಗಳಿಗೆ ಮನೇಲೇ ಕೂತು, ಒಂದು ಪೈಸೆ ಖರ್ಚಿಲ್ದೆ ಉತ್ತರ ಹುಡುಕೋದು ಹೇಗೆ ಅಂತ ಬರೀತೀನಿ. ಎಕ್ಸಾಂಪಲ್‌ಗೆ ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಫ್ರಾನ್ಸ್‌ನ ಆರ್ಲ್ ಊರಲ್ಲಿ ಮಾಡಿದ 'ಹಳದಿ ಮನೆ' ತಗೋತೀನಿ. ಡಚ್ ಪೇಂಟರ್, ಊರಿನ ಬೀದಿ ಚಿತ್ರ, ಕಾಗದಪತ್ರ ಪಕ್ಕಾ ಇದೆ, ಕಲಿಯೋಕೆ ಇದಕ್ಕಿಂತ ಒಳ್ಳೆ ಫೈಲ್ ಸಿಗಲ್ಲ. ಬೇಕಾಗಿರೋದು ಒಂದು ಲ್ಯಾಪ್‌ಟಾಪ್ (ಮೊಬೈಲ್ ಬೇಡ, ಚಿತ್ರ ಝೂಮ್ ಮಾಡಿ ಕಣ್ಣು ಹೋಗತ್ತೆ), ಒಂದು ನೋಟ್‌ಬುಕ್, ಎರಡು ಸಂಜೆ.

ಮೊದಲು ಚಿತ್ರ, ಗೂಗಲ್ ಆಮೇಲೆ

ಚಿತ್ರ ಇರೋ ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂ ಸೈಟಲ್ಲಿ ಚಿತ್ರ ತೆಗೀರಿ. ಬೇರೆ ಎಲ್ಲೋ ಸಿಕ್ಕಿದ ಇಮೇಜ್ ಬೇಡ, ಯಾಕೆ ಅಂತ ಕೊನೇಲಿ ಬಣ್ಣದ ಬಗ್ಗೆ ಹೇಳೋವಾಗ ಹೇಳ್ತೀನಿ. ತೆಗೆದು ಹತ್ತು ನಿಮಿಷ ಸುಮ್ನೆ ನೋಡಿ, ಕಂಡಿದ್ದನ್ನೆಲ್ಲ ಬರ್ಕೊಳ್ಳಿ, ಅರ್ಥ ಗಿರ್ಥ ಹುಡುಕೋಕೆ ಹೋಗಬೇಡಿ. ನನ್ನ ನೋಟ್‌ಬುಕ್‌ನಲ್ಲಿ ಇರೋದು ಹೀಗೆ: ಮಧ್ಯದಲ್ಲಿ ಮೂಲೆ ಮನೆ, ಹಳದಿ, ಹಸಿರು ಕಿಟಕಿ ಬಾಗಿಲು. ಎಡಕ್ಕೆ ಒಂದು ಗುಲಾಬಿ ಕಟ್ಟಡ, ಮುಂದೆ ಮರ. ಬಲಕ್ಕೆ ರಸ್ತೆ ಹಿಂದಕ್ಕೆ ಹೋಗತ್ತೆ, ಅಲ್ಲಿ ರೈಲ್ವೆ ಸೇತುವೆ, ಮೇಲೆ ಒಂದು ರೈಲು ಹೊಗೆ ಬಿಡ್ತಾ ಹೋಗ್ತಿದೆ. ಮನೆ ಹಿಂದೆ ಎತ್ತರದ ಕಟ್ಟಡ. ರಸ್ತೇಲಿ ಮಣ್ಣಿನ ದಿಬ್ಬ ಥರ ಏನೋ. ಆಕಾಶ ಕಡುನೀಲಿ, ಒಂದು ಮೋಡ ಇಲ್ಲ.

ಆ ಮಣ್ಣಿನ ದಿಬ್ಬ ಬರ್ಕೊಳ್ಳೋವಾಗ ನಂಗೆ ಅದೇನು ಅಂತಾನೇ ಗೊತ್ತಿರ್ಲಿಲ್ಲ, ಬಿಟ್ಟುಬಿಡೋಣ ಅನ್ಕೊಂಡಿದ್ದೆ. ಬಿಡಬೇಡಿ, ಅರ್ಥ ಆಗ್ದೇ ಇರೋದೇ ಮುಂದೆ ಜಾಸ್ತಿ ಕೆಲಸಕ್ಕೆ ಬರತ್ತೆ.

ಸರ್ವೆ ನಂಬರ್ ಬರ್ಕೊಳ್ಳಿ

ಜಮೀನಿಗೆ ಸರ್ವೆ ನಂಬರ್ ಹೇಗೋ ದೊಡ್ಡ ಪೇಂಟರ್‌ಗಳ ಚಿತ್ರಗಳಿಗೆ ಕ್ಯಾಟಲಾಗ್ ನಂಬರ್ ಹಾಗೆ. ಹೆಸರು ನಂಬಬೇಡಿ, ಹೆಸರು ಬದಲಾಗ್ತಾ ಇರತ್ತೆ. ಈ ಚಿತ್ರಾನೇ ನೋಡಿ, ಮ್ಯೂಸಿಯಂನವರು 'ಹಳದಿ ಮನೆ' ಅಂತ ಬರೆದು ಬ್ರಾಕೆಟ್‌ನಲ್ಲಿ 'ರಸ್ತೆ' ಅಂತ ಹಾಕಿರ್ತಾರೆ. ಅದೇ ಹೆಸರಲ್ಲಿ ಪೇಪರ್ ಮೇಲೆ ಮಾಡಿದ ವಾಟರ್‌ಕಲರ್ ಬೇರೆ ಇದೆ. ನಂಬರ್ ಇದ್ರೆ ಗೊಂದಲ ಇಲ್ಲ: ವ್ಯಾನ್ ಗೋ ಚಿತ್ರಗಳಿಗೆ ಎಫ್ ನಂಬರ್ ಇರತ್ತೆ, ಅದು 1928ರಲ್ಲಿ ಬಂದ ಡೆ ಲಾ ಫೈಯ್ ಅನ್ನೋರ ಕ್ಯಾಟಲಾಗಿಂದ ಬಂದಿದ್ದು, ಇನ್ನೊಂದು ಜೆಎಚ್ ನಂಬರ್, ಅದು ಯಾನ್ ಹುಲ್ಸ್ಕರ್ ಅವರದ್ದು. ನಮ್ಮ ಎಣ್ಣೆಬಣ್ಣದ ಚಿತ್ರ ಎಫ್ 464, ಜೆಎಚ್ 1589. ವಾಟರ್‌ಕಲರ್ ಎಫ್ 1413. ಇನ್ಮೇಲೆ ಎಲ್ಲಿ ಹುಡುಕಿದ್ರೂ ಈ ನಂಬರ್ ಹಾಕಿ ಹುಡುಕಿ, ಅರ್ಧ ಕಸ ಅಲ್ಲೇ ಸೋಸಿ ಹೋಗತ್ತೆ.

ಮ್ಯೂಸಿಯಂನ ಸ್ವಂತ ನಂಬರ್ ಕೂಡ ಬರ್ಕೊಳ್ಳಿ. ಅದರ ಕೊನೇಲಿ ವಿ1962 ಅಂತ ಇರತ್ತೆ, ಅದು ಏನು ಅಂತ ಆಮೇಲೆ ಬರತ್ತೆ.

ಮೂಲಪತ್ರ ಓದೋದು

ಇಲ್ಲಿ ನಮಗೆ ಲಾಟರಿ ಹೊಡೆದಂಗೆ. ವಿನ್ಸೆಂಟ್ ತಮ್ಮ ತಿಯೋಗೆ ಪತ್ರ ಬರೀತಾನೇ ಇದ್ದ, ತಿಯೋ ಅವನ್ನ ಎತ್ತಿಟ್ಟಿದ್ದ, ತಿಯೋ ಹೆಂಡತಿ ಜೋ 1914ರಲ್ಲಿ ಅವನ್ನ ಅಚ್ಚು ಹಾಕಿಸಿದ್ರು. ಈಗ ವ್ಯಾನ್ ಗೋ ಬರೆದಿದ್ದು, ಅವನಿಗೆ ಬಂದಿದ್ದು ಎಲ್ಲ ಸೇರಿ 902 ಪತ್ರ ಆನ್‌ಲೈನ್‌ನಲ್ಲಿ ಫ್ರೀಯಾಗಿ ಇದೆ, 2009ರಿಂದ, ವ್ಯಾನ್ ಗೋ ಮ್ಯೂಸಿಯಂ ಮತ್ತೆ ಹಾಯ್ಗನ್ಸ್ ಇನ್‌ಸ್ಟಿಟ್ಯೂಟ್ ಸೇರಿ ಮಾಡಿದ್ದು. ಮೂಲ ಭಾಷೆ, ಇಂಗ್ಲಿಷ್ ಅನುವಾದ, ಪತ್ರದ ಫೋಟೋ, ಟಿಪ್ಪಣಿ, ಎಲ್ಲ ಒಂದೇ ಕಡೆ. ಆರ್ಲ್‌ನಿಂದ ಬರೆದ ಪತ್ರಗಳು ಫ್ರೆಂಚ್‌ನಲ್ಲಿವೆ, ಅಣ್ಣ ತಮ್ಮ ಇಬ್ಬರೂ ಡಚ್ಚರು ಆದ್ರೂ.

ಈಗ ಎರಡು ಪತ್ರ ತೆಗೀರಿ. ಒಂದು 1888ರ ಮೇ 1ರದ್ದು, ನಂಬರ್ 602. ಇದು ಒಂಥರಾ ಬಾಡಿಗೆ ಕರಾರು ಓದಿದಂಗೆ ಇದೆ: ಇವತ್ತು ಈ ಕಟ್ಟಡದ ಬಲಗಡೆ ಭಾಗ ಬಾಡಿಗೆಗೆ ತಗೊಂಡೆ, ನಾಲ್ಕು ರೂಮು, ಸರಿಯಾಗಿ ಹೇಳ್ಬೇಕಂದ್ರೆ ಎರಡು ರೂಮು ಎರಡು ಚಿಕ್ಕ ಕೋಣೆ, ಹೊರಗೆ ಹಳದಿ, ಒಳಗೆ ಸುಣ್ಣ, ತಿಂಗಳಿಗೆ 15 ಫ್ರಾಂಕ್ ಅಂತ. ಈ ಒಂದು ಪತ್ರದಿಂದ ಇಂಟರ್‌ನೆಟ್‌ನ ದೊಡ್ಡ ತಪ್ಪು ಒಂದು ಸರಿಹೋಗತ್ತೆ. ಆ ಇಡೀ ಹಳದಿ ಕಟ್ಟಡ ವ್ಯಾನ್ ಗೋ ಮನೆ ಅಂತ ಎಲ್ಲರೂ ಬರೀತಾರೆ, ಅಲ್ಲ, ಅವನದ್ದು ಬಲಗಡೆ ಭಾಗ ಮಾತ್ರ, ಎಡಗಡೆ ಭಾಗ ದಿನಸಿ ಅಂಗಡಿ. ಚಿತ್ರಕ್ಕೆ ವಾಪಸ್ ಹೋಗಿ ನೋಡಿ, ಒಂದೇ ಮನೆ ಅನ್ಕೊಂಡಿದ್ದು ಈಗ ಎರಡಾಗಿ ಕಾಣತ್ತೆ.

ಎರಡನೇದು ನಂಬರ್ 691, 1888ರ ಸೆಪ್ಟೆಂಬರ್ 29ರ ಸುಮಾರಿನದ್ದು. ಇದು ಓದಿದಾಗ ನಾನು ಚೇರಿಂದ ಎದ್ದೆ, ಯಾಕಂದ್ರೆ ಅದರಲ್ಲಿ ಪಕ್ಕಾ ಚಕ್ಕುಬಂದಿ ಇದೆ! ಮನೆ ಮತ್ತೆ ಅದರ ಸುತ್ತಮುತ್ತ, ಗಂಧಕದ ಬಣ್ಣದ ಬಿಸಿಲು, ಕೋಬಾಲ್ಟ್ ನೀಲಿ ಆಕಾಶ ಅಂತ ಶುರು ಮಾಡ್ತಾನೆ. ಮುಂದಿಂದು ವಿನ್ಸೆಂಟ್ ಮಾತಲ್ಲೇ: ಎಡಕ್ಕೆ ಇರೋ ಮನೆ ಗುಲಾಬಿ, ಹಸಿರು ಕಿಟಕಿ, ಮರದ ನೆರಳು ಬಿದ್ದಿರೋದು, ಅದೇ ನಾನು ದಿನಾ ರಾತ್ರಿ ಊಟಕ್ಕೆ ಹೋಗೋ ಹೋಟ್ಲು. ರಸ್ತೆ ಕೊನೇಲಿ ಎಡಕ್ಕೆ, ಎರಡು ರೈಲ್ವೆ ಸೇತುವೆ ಮಧ್ಯೆ, ನನ್ನ ಫ್ರೆಂಡು ಪೋಸ್ಟ್‌ಮ್ಯಾನ್ ಮನೆ. ನಾನು ಪೇಂಟ್ ಮಾಡಿದ ನೈಟ್ ಕೆಫೆ ಈ ಚಿತ್ರದಲ್ಲಿ ಇಲ್ಲ, ಅದು ಹೋಟ್ಲಿಗಿಂತ ಇನ್ನೂ ಎಡಕ್ಕೆ. ನೋಡಿ, ಫ್ರೇಮ್ ಒಳಗೆ ಇರೋದಷ್ಟೇ ಅಲ್ಲ, ಫ್ರೇಮ್ ಹೊರಗೆ ಬಿಟ್ಟಿದ್ದೂ ಬರೆದಿದಾನೆ. ನಮ್ಮಪ್ಪ ಹತ್ರ ಇಂಥ ಕ್ಲೈಂಟ್ ಬಂದಿದ್ರೆ ಕಾಫಿ ತರಿಸ್ತಿದ್ರು.

ಆದ್ರೆ ಪತ್ರದಲ್ಲಿ ಬರೆದಿದ್ದನ್ನೆಲ್ಲ ಕಣ್ಮುಚ್ಚಿ ನುಂಗಬೇಡಿ, ಪ್ರತಿ ಹೆಸರಿಗೂ ಒಂದು ಸಲ ಟಿಪ್ಪಣಿ ಒತ್ತಿ ನೋಡಿ. ಪೋಸ್ಟ್‌ಮ್ಯಾನ್ ಅಂತ ಅವನು ಕರೆಯೋದು ಜೋಸೆಫ್ ರೂಲಿನ್‌ನ, ಆ ಮನುಷ್ಯ ಮನೆ ಮನೆಗೆ ಕಾಗದ ಕೊಡೋನಲ್ಲ, ರೈಲ್ವೆ ಸ್ಟೇಷನ್‌ನಲ್ಲಿ ಅಂಚೆ ಮೂಟೆ ಇಳಿಸಿ ಹತ್ತಿಸೋದನ್ನ ನೋಡ್ಕೋತಿದ್ದವನು. ಸ್ಟೇಷನ್ ಹತ್ರಾನೇ ಯಾಕೆ ಮನೆ ಮಾಡಿದ್ದ ಅಂತ ಆಗ ಅರ್ಥ ಆಗತ್ತೆ.

ನೈಟ್ ಕೆಫೆ ವಿಷಯಾನೂ ಅಷ್ಟೇ, ಇಲ್ಲಿ ನಾನೇ ಜಾರಿ ಬಿದ್ದೆ. ಕೆಫೆ ಅಂದ ತಕ್ಷಣ ನಕ್ಷತ್ರದ ಆಕಾಶದ ಕೆಳಗೆ ಹಳದಿ ಚಾವಣಿ ಇರೋ ಫೇಮಸ್ ಚಿತ್ರ ತಲೇಲಿ ಬಂತು, ಅದೇ ಅಂತ ಬರ್ಕೊಂಡ್ಬಿಟ್ಟೆ. ಅದು ಬೇರೆ, 'ರಾತ್ರಿಯ ಕೆಫೆ ಟೆರೇಸ್', ಊರೊಳಗೆ ಫೋರಂ ಚೌಕದ್ದು, ಈಗ ಒಟ್ಟರ್ಲೋದ ಕ್ರೋಲರ್ ಮ್ಯುಲರ್ ಮ್ಯೂಸಿಯಂನಲ್ಲಿದೆ. ಪತ್ರದಲ್ಲಿ ಹೇಳಿರೋದು ಒಳಗಡೆ ಬಿಲಿಯರ್ಡ್ಸ್ ಟೇಬಲ್ ಇರೋ 'ನೈಟ್ ಕೆಫೆ', ಹಳದಿ ಮನೆ ಇದ್ದ ಲಾಮಾರ್ಟಿನ್ ಚೌಕದ್ದೇ, ಈಗ ಅಮೆರಿಕದ ಯೇಲ್ ಯೂನಿವರ್ಸಿಟಿ ಗ್ಯಾಲರಿಯಲ್ಲಿದೆ. ಎರಡೂ ಒಂದೇ ಸೆಪ್ಟೆಂಬರ್‌ನಲ್ಲಿ ಮಾಡಿದ್ದು, ಅದಕ್ಕೇ ಎಲ್ಲರೂ ಕಲಸಿಬಿಡ್ತಾರೆ.

ಆ ಮಣ್ಣಿನ ದಿಬ್ಬ ಗೊತ್ತಾಯ್ತಾ? ರಸ್ತೆ ಅಗೆದು ಗ್ಯಾಸ್ ಪೈಪ್ ಹಾಕ್ತಿದ್ದಿದ್ದು ಅಂತ ವಿವರಿಸ್ತಾರೆ, ಯಾಕಂದ್ರೆ ಅಕ್ಟೋಬರ್ ಪತ್ರದಲ್ಲಿ ಸ್ಟುಡಿಯೋಗೂ ಅಡುಗೆಮನೆಗೂ ಗ್ಯಾಸ್ ಹಾಕಿಸ್ದೆ, 25 ಫ್ರಾಂಕ್ ಆಯ್ತು ಅಂತ ಬರೀತಾನೆ. ಎರಡು ತಿಂಗಳ ಬಾಡಿಗೆ ಹತ್ರ ಹತ್ರ! ಸಂಜೆ ಹೊತ್ತಲ್ಲೂ ಪೇಂಟ್ ಮಾಡೋಕೆ, ಪೇಂಟರ್ ಫ್ರೆಂಡು ಗೋಗ್ಯಾಂ ಬರ್ತಾನೆ ಅಂತ ತಯಾರಿ. ನಮ್ಮೂರಲ್ಲಿ ರಸ್ತೆ ಅಗೆದು ಹಾಗೇ ಬಿಟ್ಟು ಹೋದ್ರೆ ಬೈಕೋತೀವಿ, ಇವನು ಅದನ್ನೂ ಚಿತ್ರಕ್ಕೆ ಸೇರಿಸಿದ.

ಆ ಕಾಲದವರಿಗೆ ಇದೇನು ಚಂದ ಅನ್ನಿಸಿರ್ಲಿಲ್ಲ ಅನ್ನೋದೂ ಆ 691ನೇ ಪತ್ರದಲ್ಲೇ ಇದೆ. ಮಿಲ್ಯೇ ಅಂತ ಒಬ್ಬ ಮಿಲಿಟರಿ ಆಫೀಸರ್ ಫ್ರೆಂಡು, ಅವನಿಗೆ ಈ ಚಿತ್ರ ಭಯಂಕರ ಅನ್ನಿಸ್ತಂತೆ, ಒಂದು ದಿನಸಿ ಅಂಗಡಿ, ಮೂಲೆ ಮೂಲೆ ಪೆಟ್ಟಿಗೆ ಥರ ಮನೆ, ಇದನ್ನ ಯಾರಾದ್ರೂ ಖುಷಿಯಿಂದ ಮಾಡ್ತಾರಾ ಅಂತ. ಮಿಲ್ಯೇ ಮಾತಲ್ಲಿ ನಂಗೆ ಕೆಲಸಕ್ಕೆ ಬಂದಿದ್ದು ಬೇರೆ, ದಿನಸಿ ಅಂಗಡಿ ಇತ್ತು ಅನ್ನೋದಕ್ಕೆ ಅದೇ ಇನ್ನೊಂದು ಸಾಕ್ಷಿ ಆಯ್ತು.

ಅಳತೆ ಮತ್ತೆ ತಾರೀಖು ತಾಳೆ ನೋಡೋದು

ಇದು ಐದು ನಿಮಿಷದ ಕೆಲಸ, ಆದ್ರೆ ಬಿಡಬಾರದು. ಪತ್ರದಲ್ಲಿ ಚಿತ್ರಾನ 30ನೇ ನಂಬರ್ ಕ್ಯಾನ್ವಾಸ್ ಅಂತಾನೆ. ಫ್ರಾನ್ಸ್‌ನಲ್ಲಿ ಕ್ಯಾನ್ವಾಸ್ ರೆಡಿಮೇಡ್ ಸೈಜಲ್ಲಿ ಬರ್ತಿತ್ತು, 30 ಅಂದ್ರೆ 92 ಇಂಟು 73 ಸೆಂಟಿಮೀಟರ್. ಮ್ಯೂಸಿಯಂ ಕೊಡೋ ಅಳತೆ 72 ಇಂಟು 91.5. ತಾಳೆ ಆಯ್ತು. ಆಗ್ದೇ ಹೋಗಿದ್ರೆ ಪತ್ರದಲ್ಲಿ ಹೇಳಿರೋದು ಬೇರೆ ಚಿತ್ರ ಇರಬಹುದು ಅಥವಾ ಯಾರೋ ಅಂಚು ಕತ್ತರಿಸಿದಾರೆ ಅಂತ ಅನುಮಾನ ಬರ್ಬೇಕಿತ್ತು.

ತಾರೀಖಿನ ವಿಷಯದಲ್ಲಿ 'ಸುಮಾರು' ಅನ್ನೋ ಪದ ಕಾಪಿ ಮಾಡೋವಾಗ ಬಿಟ್ಟುಬಿಡ್ತೀವಿ ನಾವು. ಆರ್ಲ್‌ನಿಂದ ಬರೆದ ಎಷ್ಟೋ ಪತ್ರಕ್ಕೆ ವಿನ್ಸೆಂಟ್ ತಾರೀಖೇ ಹಾಕಿಲ್ಲ, ಸಂಪಾದಕರು ಒಳಗಿನ ವಿಷಯ ನೋಡಿ ಲೆಕ್ಕ ಹಾಕಿರೋದು. ಹಾಗಾಗಿ ಸೆಪ್ಟೆಂಬರ್ 29ರ ಸುಮಾರು ಅಂತಲೇ ಬರೀಬೇಕು. ಇನ್ನೊಂದು, ಮನೆ ಬಾಡಿಗೆಗೆ ತಗೊಂಡಿದ್ದು ಮೇ, ಆದ್ರೆ ಅಲ್ಲಿ ಮಲಗೋಕೆ ಶುರು ಮಾಡಿದ್ದು ಸೆಪ್ಟೆಂಬರ್ ಮಧ್ಯದಲ್ಲಿ, ಅಲ್ಲಿವರೆಗೆ ಸ್ಟುಡಿಯೋ ಮಾತ್ರ. ಅಂದ್ರೆ ಚಿತ್ರ ಮಾಡಿದಾಗ ಅವನು ಆ ಮನೇಲಿ ವಾಸಕ್ಕೆ ಬಂದು ಎರಡು ವಾರ ಆಗಿತ್ತು ಅಷ್ಟೆ. ಹೊಸ ಮನೆಗೆ ಹೋದೋರು ಎದುರಿಗೆ ನಿಂತು ಫೋಟೋ ಹೊಡ್ಕೊಂಡು ತಮ್ಮಂಗೆ ಕಳ್ಸಲ್ವಾ, ಅದೇ ಇದು, ಪತ್ರದ ಜೊತೆ ಒಂದು ಸ್ಕೆಚ್ಚೂ ಹಾಕಿ ಕಳಿಸಿದಾನೆ.

ಸ್ಥಳ ಮಹಜರು

ಈಗ ಸ್ಟ್ರೀಟ್ ವ್ಯೂ ಓಪನ್ ಮಾಡಿ, ಆರ್ಲ್ ಊರಿನ ಪ್ಲಾಸ್ ಲಾಮಾರ್ಟಿನ್ ಅಂತ ಹಾಕಿ. ಮನೆ ಹುಡುಕಬೇಡಿ, ಸಿಗಲ್ಲ. 1944ರ ಜೂನ್ 25ಕ್ಕೆ ಮಿತ್ರಪಡೆಗಳು ಬಾಂಬ್ ಹಾಕಿದಾಗ ಪೆಟ್ಟು ಬಿತ್ತು, ಆಮೇಲೆ ಕೆಡವಿಬಿಟ್ರು. ಯಾಕೆ ಅಲ್ಲಿ ಬಾಂಬ್ ಅಂತ ಕೇಳಿದ್ರೆ ಉತ್ತರ ಚಿತ್ರದಲ್ಲೇ ಇದೆಯಲ್ಲ, ರೈಲ್ವೆ ಸ್ಟೇಷನ್ ಸೇತುವೆ ಎಲ್ಲ ಅಲ್ಲೇ ಪಕ್ಕ. ಮನೆ ಇಲ್ದಿದ್ರೂ ಚಕ್ಕುಬಂದಿ ಇದೆ. ಮನೆ ಹಿಂದಿನ ಎತ್ತರದ ಕಟ್ಟಡ ಇವತ್ತಿಗೂ ನಿಂತಿದೆ, ನಾಲ್ಕು ಅಂತಸ್ತಿಂದು. ಅದನ್ನ ಗುರುತು ಹಿಡ್ಕೊಂಡು, ಚಿತ್ರದಲ್ಲಿ ಅದು ಎಲ್ಲಿ ಕಾಣತ್ತೋ ಅಲ್ಲಿಗೆ ಬರೋ ಹಾಗೆ ಸ್ಟ್ರೀಟ್ ವ್ಯೂನ ಆಚೆ ಈಚೆ ತಳ್ಳಿ, ಎಲ್ಲಿ ಸರಿಹೋಗತ್ತೋ ಹೆಚ್ಚುಕಮ್ಮಿ ಅಲ್ಲಿ ಅವನು ಈಸೆಲ್ (ಕ್ಯಾನ್ವಾಸ್ ನಿಲ್ಲಿಸೋ ಸ್ಟ್ಯಾಂಡ್) ಇಟ್ಟಿದ್ದ. ನಂಗೆ ಇದಕ್ಕೆ ಅರ್ಧ ಗಂಟೆ ಹಿಡೀತು, ನಡುವೆ ಒಂದು ಬಸ್ಸು ಅಡ್ಡ ನಿಂತಿತ್ತು.

ಖಾಲಿ ಜಾಗ ನೋಡಿದಾಗ ಬೇಜಾರಾಗತ್ತೆ, ಅದು ಬೇರೆ ಮಾತು.

ಕೈ ಬದಲಾದ ಲೆಕ್ಕ

ಇದೇ ನಮ್ಮ ಇಸಿ. ಮ್ಯೂಸಿಯಂ ಭಾಷೇಲಿ ಪ್ರಾವನೆನ್ಸ್ ಅಂತಾರೆ. ಹುಟ್ಟಿದ ದಿನದಿಂದ ಇವತ್ತಿನವರೆಗೆ ಚಿತ್ರ ಯಾರ್ಯಾರ ಹತ್ರ ಇತ್ತು, ಹೇಗೆ ಬಂತು, ಮಾರಾಟಾನಾ ದಾನಾನಾ ಪಿತ್ರಾರ್ಜಿತಾನಾ ಅಂತ. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ: ಯಾವ ವರ್ಷ, ಯಾರು, ಯಾವ ಕಾಗದ ಹೇಳತ್ತೆ. ಮೂರನೇ ಕಾಲಂ ಖಾಲಿ ಇದ್ರೆ ಆ ಸಾಲು ಅಂತೆಕಂತೆ, ಪೆನ್ಸಿಲ್‌ನಲ್ಲಿ ಬರೀರಿ.

ಹಳದಿ ಮನೆಯದ್ದು ಅಪರೂಪಕ್ಕೆ ಸಿಗೋ ಕ್ಲೀನ್ ಟೈಟಲ್. ದುಡ್ಡು ಕಳಿಸ್ತಿದ್ದ ತಮ್ಮ ತಿಯೋ ಹತ್ರ ಹೋಯ್ತು. ವಿನ್ಸೆಂಟ್ ತೀರಿಕೊಂಡಿದ್ದು 1890ರ ಜುಲೈ 29, ಆರು ತಿಂಗಳಿಗೆ, 1891ರ ಜನವರಿ 25ಕ್ಕೆ ತಿಯೋನೂ ಹೋದ. ಉಳಿದಿದ್ದು ಹೆಂಡತಿ ಜೋ, ಮತ್ತೆ ಒಂದು ವರ್ಷ ಕೂಡ ತುಂಬದ ಮಗ, ಅವನ ಹೆಸರೂ ವಿನ್ಸೆಂಟ್, ವಿನ್ಸೆಂಟ್ ವಿಲ್ಲೆಮ್. ಪತ್ರ ಬರಹಗಾರರ ಭಾಷೇಲಿ ಮೈನರ್ ಮಗು, ತಾಯಿ ಗಾರ್ಡಿಯನ್. ಜೋ ಅಣ್ಣ ಆಂದ್ರೀಸ್ ಬೊಂಗರ್ ಆಗ ಇದ್ದ ಚಿತ್ರಗಳ ಒಂದು ಪಟ್ಟಿ ಮಾಡಿದ್ರು, ವ್ಯಾನ್ ಗೋ ಚಿತ್ರಗಳ ಹಿಸ್ಟರಿ ಹುಡುಕೋರಿಗೆ ಆ ಪಟ್ಟಿ ಅಂದ್ರೆ ಪಹಣಿ ಇದ್ದಂಗೆ. ಜೋ ಕೆಲವು ಚಿತ್ರ ಮಾರಿದ್ರು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಸೂರ್ಯಕಾಂತಿ 1924ರಲ್ಲಿ ಹೋಗಿದ್ದು ಅವರ ಕೈಯಿಂದಾನೇ, ಹಳದಿ ಮನೆ ಮಾತ್ರ ಮನೇಲೇ ಉಳೀತು. 1925ರಲ್ಲಿ ಜೋ ತೀರಿಕೊಂಡ ಮೇಲೆ ಮಗನಿಗೆ, ಅವರು ಎಂಜಿನಿಯರ್ ಆಗಿದ್ರು. 1962ರಲ್ಲಿ ಕುಟುಂಬ ಇಡೀ ಕಲೆಕ್ಷನ್‌ನ ವಿನ್ಸೆಂಟ್ ವ್ಯಾನ್ ಗೋ ಫೌಂಡೇಶನ್‌ಗೆ ಕೊಡ್ತು, ಅದಕ್ಕೆ ಡಚ್ ಸರ್ಕಾರ 1.5 ಕೋಟಿ ಗಿಲ್ಡರ್ (ಯೂರೋಗಿಂತ ಮುಂಚಿನ ಡಚ್ ನಾಣ್ಯ) ದುಡ್ಡು ಹಾಕಿ, ಮ್ಯೂಸಿಯಂ ಕಟ್ಟಿಸ್ತೀವಿ ಅಂತ ಮಾತು ಕೊಡ್ತು. ಮ್ಯೂಸಿಯಂ ಓಪನ್ ಆಗಿದ್ದು 1973. ಈಗ ಆ ವಿ1962 ಏನು ಅಂತ ಗೊತ್ತಾಯ್ತಲ್ಲ, ರಿಜಿಸ್ಟ್ರೇಷನ್ ವರ್ಷ. ಚಿತ್ರದ ಕೆಳಗೆ ಕ್ರೆಡಿಟ್ ಲೈನಲ್ಲಿ ಫೌಂಡೇಶನ್ ಹೆಸರು ಬರೋದೂ ಇದಕ್ಕೇ, ಚಿತ್ರದ ಒಡೆಯರು ಫೌಂಡೇಶನ್, ಮ್ಯೂಸಿಯಂನಲ್ಲಿರೋದು ಕಾಯಂ ಎರವಲಾಗಿ. ಕ್ರೆಡಿಟ್ ಲೈನ್ ಯಾರೂ ಓದಲ್ಲ, ಓದಿ ಸ್ವಾಮಿ.

ಬೇರೆ ಚಿತ್ರ ತಗೊಂಡ್ರೆ ಇಷ್ಟು ಸಲೀಸಿರಲ್ಲ. ಮುಖ್ಯವಾಗಿ 1933ರಿಂದ 1945ರವರೆಗಿನ ಸಾಲು ತುಂಬಿದೆಯಾ ನೋಡಿ. ಆ ವರ್ಷಗಳಲ್ಲಿ ಯಹೂದಿ ಕುಟುಂಬಗಳಿಂದ ಕಿತ್ಕೊಂಡಿದ್ದು, ಹೆದರಿಸಿ ಮಾರಿಸಿದ್ದು ಲೆಕ್ಕ ಇಲ್ಲದಷ್ಟು. ಆಮ್‌ಸ್ಟರ್‌ಡ್ಯಾಮ್‌ನ ಆರ್ಟ್ ಡೀಲರ್ ಜಾಕ್ ಗೌಡ್‌ಸ್ಟಿಕರ್ 1940ರಲ್ಲಿ ತಪ್ಪಿಸ್ಕೊಂಡು ಹೋಗೋವಾಗ ಹಡಗಲ್ಲೇ ಸತ್ರು, ಅವರ ಚಿತ್ರಗಳಲ್ಲಿ 202ನ್ನ ಡಚ್ ಸರ್ಕಾರ ವಾರಸುದಾರರಿಗೆ ವಾಪಸ್ ಕೊಟ್ಟಿದ್ದು 2006ರಲ್ಲಿ. 66 ವರ್ಷ. ಹಾಗಾಗಿ 'ಖಾಸಗಿ ಸಂಗ್ರಹ' ಅಂತ ಒಂದು ಪದ ಹಾಕಿ ಆ ಹನ್ನೆರಡು ವರ್ಷ ಹಾರಿಸಿದ್ರೆ ಪಕ್ಕದಲ್ಲಿ ಕೆಂಪು ಗೆರೆ ಎಳೀರಿ.

ಪತ್ರ ಬರೆಯೋ ಚಟ ಇಲ್ಲದ ಪೇಂಟರ್ ಆದ್ರೆ?

ಎಲ್ಲರೂ ವಿನ್ಸೆಂಟ್ ಅಲ್ವಲ್ಲ. ಅಂಥೋರಿಗೆ ಬೇರೆ ದಾರಿ. ಡಚ್ ಬೀದಿ ಚಿತ್ರಗಳಿಗೆ 19ನೇ ಶತಮಾನದ ದೊಡ್ಡ ಹೆಸರು ಕೊರ್ನೆಲಿಸ್ ಸ್ಪ್ರಿಂಗರ್, 1817ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿ 1891ರಲ್ಲಿ ಹಿಲ್ವರ್ಸಮ್‌ನಲ್ಲಿ ತೀರಿಕೊಂಡವರು. ಇಟ್ಟಿಗೆ ಇಟ್ಟಿಗೆ ಎಣಿಸೋ ಹಾಗೆ ಬಿಡಿಸೋರು. ಇಂಥವರ ಚಿತ್ರಕ್ಕೆ ಹಿಂಭಾಗ ನೋಡಬೇಕು. ಎಷ್ಟೋ ಚಿತ್ರದ ಹಿಂದೆ ಸ್ಪ್ರಿಂಗರ್ ತಾವೇ ಒಂದು ಚೀಟಿ ಅಂಟಿಸಿ, ಈ ಚಿತ್ರ ನಾನೇ ಮಾಡಿದ್ದು ಅಂತ ಬರೆದು ಸಹಿ ಹಾಕಿ, ಅರಗಿನ ಸೀಲ್ ಒತ್ತಿರ್ತಾರೆ. ಆ ಕಾಲದಲ್ಲೇ ನಕಲಿ ಕಾಟ ಇತ್ತು ಅಂತ ಆಯ್ತು. ಆಕ್ಷನ್ ಹೌಸ್‌ಗಳು ಹಳೇ ಸೇಲ್‌ಗಳ ವಿವರ ಸೈಟಲ್ಲಿ ಬಿಟ್ಟಿರ್ತಾರೆ, ಅಲ್ಲಿ ಹಿಂಭಾಗದ ವಿವರಾನೂ ಇರತ್ತೆ.

ಇನ್ನೊಂದು ಎಚ್ಚರಿಕೆ, ಸ್ಪ್ರಿಂಗರ್ ಚಿತ್ರ ನೋಡಿ ಆ ಊರು 1860ರಲ್ಲಿ ಹೀಗೇ ಇತ್ತು ಅನ್ನಬೇಡಿ. ಶುರುವಿನಲ್ಲಿ ಕಲ್ಪನೆಯ ಊರು ಬಿಡಿಸ್ತಿದ್ರು, ಆಮೇಲೆ ನಿಜವಾದ ಊರಿಗೆ ಹೋಗಿ ಸ್ಕೆಚ್ ಮಾಡ್ಕೊಂಡು ಬಂದು ಮಾಡಿದ್ರೂ ಎಷ್ಟೋ ಸಲ ಅದನ್ನ ಇನ್ನೂರು ವರ್ಷ ಹಿಂದಕ್ಕೆ ತಳ್ಳಿ, ಹಳೇ ಕಾಲದ ಬಟ್ಟೆ ಹಾಕಿದ ಜನಾನ ನಿಲ್ಲಿಸಿಬಿಡ್ತಿದ್ರು. ಸ್ಕೆಚ್ ಸಿಕ್ಕಿದ್ರೆ ಪಕ್ಕದಲ್ಲಿಟ್ಟು ಏನು ಸೇರಿಸಿದ್ರು ಏನು ಬಿಟ್ರು ನೋಡಿ.

ಇನ್ನೊಬ್ಬ ಡಚ್ ಪೇಂಟರ್ ಬ್ರೈಟ್ನರ್ ಕಥೆ ಇನ್ನೂ ಮಜಾ. ಗೆಯೋರ್ಗ್ ಹೆಂಡ್ರಿಕ್ ಬ್ರೈಟ್ನರ್, 1857ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದವರು, 1882ರಲ್ಲಿ ಹೇಗ್‌ನಲ್ಲಿ ವ್ಯಾನ್ ಗೋ ಜೊತೆ ಬಡವರ ಕೇರಿ ಸುತ್ತಿ ಸ್ಕೆಚ್ ಮಾಡ್ತಿದ್ರು. ಆಮೇಲೆ ಆಮ್‌ಸ್ಟರ್‌ಡ್ಯಾಮ್ ಬೀದಿ, ಸೇತುವೆ, ಮಂಜು, ಕುದುರೆ ಗಾಡಿ. ಕ್ಯಾಮೆರಾ ಇಟ್ಕೊಂಡು ಓಡಾಡ್ತಿದ್ರು, ಆದ್ರೆ ಆ ನೆಗೆಟಿವ್ ರಾಶಿ ಹೊರಗೆ ಬಂದಿದ್ದು 1961ರಲ್ಲಿ, ಈಗ ಹೇಗ್‌ನ ಆರ್‌ಕೆಡಿ ಅನ್ನೋ ಕಲಾ ಇತಿಹಾಸ ಸಂಸ್ಥೆಯಲ್ಲಿದೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿರೋ ಅವರ ಸಿಂಗೆಲ್ ಕಾಲುವೆ ಸೇತುವೆ ಚಿತ್ರದಲ್ಲಿ ತುಪ್ಪಳದ ಕೋಟು, ಮುಖಕ್ಕೆ ಜಾಲರಿ ಹಾಕಿದ ಶ್ರೀಮಂತ ಹೆಂಗಸೊಬ್ಬಳು ನೇರ ನಮ್ಮ ಕಡೆ ನಡ್ಕೊಂಡು ಬರ್ತಾಳೆ. ಮೊದಲು ಅಲ್ಲಿದ್ದಿದ್ದು ಮನೆಗೆಲಸದ ಹುಡುಗಿ, ಆರ್ಟ್ ಡೀಲರ್ ಹೇಳಿದ್ದಕ್ಕೆ 1898ರಲ್ಲಿ ಬದಲಾಯಿಸಿದ್ದು. ಅದಕ್ಕೇ ಚಿತ್ರಕ್ಕೆ 1896ರಿಂದ 98 ಅಂತ ತಾರೀಖು ಹಾಕಿರ್ತಾರೆ. ಲೇಬಲ್ ಮೇಲೆ ಎರಡು ವರ್ಷ ಕಂಡ್ರೆ ನಿಂತು ಕೇಳಿ, ನಡುವೆ ಏನಾಯ್ತು ಅಂತ.

ಇವೆಲ್ಲಾ ಹುಡುಕೋಕೆ ಎಲ್ಲಿ ಹೋಗಬೇಕು ಅಂದ್ರೆ: ಚಿತ್ರ ಮತ್ತೆ ಪ್ರಾವನೆನ್ಸ್‌ಗೆ ರೈಕ್ಸ್ ಮ್ಯೂಸಿಯಂ ಸೈಟು, ದೊಡ್ಡ ಸೈಜಲ್ಲಿ ಫ್ರೀ ಡೌನ್‌ಲೋಡ್. ಪೇಂಟರ್ ವಿವರಕ್ಕೆ ಆರ್‌ಕೆಡಿ ಡೇಟಾಬೇಸ್. ಹಳೇ ಬೀದಿ ಫೋಟೋಗೆ ಆಮ್‌ಸ್ಟರ್‌ಡ್ಯಾಮ್ ನಗರ ದಫ್ತರದ ಫೋಟೋ ಬ್ಯಾಂಕ್. ಹಳೇ ಡಚ್ ನ್ಯೂಸ್‌ಪೇಪರ್‌ಗೆ ಡೆಲ್ಫರ್, ಅಲ್ಲಿ ಆಕ್ಷನ್ ಜಾಹೀರಾತು, ಎಕ್ಸಿಬಿಷನ್ ವಿಮರ್ಶೆ ಎಲ್ಲ ಸಿಗತ್ತೆ, ಡಚ್ ಬರಲ್ಲ ಅಂದ್ರೆ ಟ್ರಾನ್ಸ್‌ಲೇಟರ್‌ಗೆ ಹಾಕಿ. ಹೆಸರಿನ ಹಳೇ ಸ್ಪೆಲ್ಲಿಂಗ್ ಎರಡು ಮೂರು ಥರ ಹಾಕಿ ನೋಡಿ.

ಸೆಕೆಂಡ್ ಹ್ಯಾಂಡ್ ಅಂಗಡೀಲಿ ಸಿಕ್ಕಿದ್ದಕ್ಕೆ

ನಾನೂ ಒಂದ್ಸಲ ಹುಚ್ಚು ಮಾಡ್ಕೊಂಡೆ. ಇಲ್ಲಿ ಹಳೇ ಸಾಮಾನಿನ ಅಂಗಡಿಗಳು ಊರಿಗೊಂದು ಇರ್ತವೆ, ಒಂದರಲ್ಲಿ ಕಾಲುವೆ ಪಕ್ಕದ ಮನೆಗಳ ಚಿತ್ರ, ಚಿನ್ನದ ಫ್ರೇಮು, ಮೂಲೇಲಿ ಸ್ಪ್ರಿಂಗರ್ ಥರ ಕಾಣೋ ಸಹಿ, 12 ಯೂರೋ. ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ, ದಾರಿ ಉದ್ದಕ್ಕೂ ಲೆಕ್ಕ ಹಾಕ್ತಾ. ಮನೇಲಿ ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಭೂತಗನ್ನಡಿ ಇಟ್ಟು ನೋಡಿದ್ರೆ ಸಾಲು ಸಾಲು ಚುಕ್ಕಿ. ಪ್ರಿಂಟು. ಮೇಲೆ ವಾರ್ನಿಶ್ ಬಳಿದು ಬ್ರಷ್ ಗೆರೆ ಥರ ಮಾಡಿದ್ದು. ಹಾಗಾಗಿ ಹಿಸ್ಟರಿ ಗಿಸ್ಟರಿ ಆಮೇಲೆ, ಮೊದಲು ಭೂತಗನ್ನಡಿ. ಚುಕ್ಕಿ ಕಂಡ್ರೆ ಅಲ್ಲಿಗೇ ಮುಗೀತು. ಕಾಣಲಿಲ್ಲ ಅಂದ್ರೆ ಹಿಂಭಾಗ ತಿರುಗಿಸಿ ಚೀಟಿ, ಸ್ಟಾಂಪ್, ಚಾಕ್‌ನಲ್ಲಿ ಬರೆದ ನಂಬರ್ ಎಲ್ಲದರ ಫೋಟೋ ತೆಗೀರಿ, ಯಾವುದನ್ನೂ ಉಜ್ಜಬೇಡಿ ಕೀಳಬೇಡಿ, ಧೂಳೂ ಹಾಗೇ ಇರಲಿ.

ಬಣ್ಣ ನಂಬೋದಕ್ಕೆ ಮುಂಚೆ

ಇಂಟರ್‌ನೆಟ್‌ನಲ್ಲಿ ಹಳದಿ ಮನೆಯ ಹತ್ತು ಇಮೇಜ್ ತೆಗೀರಿ, ಹತ್ತು ಬೇರೆ ಹಳದಿ. ಅದಕ್ಕೇ ಮ್ಯೂಸಿಯಂ ಇಮೇಜ್ ಅಂದಿದ್ದು. ಅದೂ ಸಾಲಲ್ಲ, ಚಿತ್ರಾನೇ ಬದಲಾಗಿರಬಹುದು. ಇದೇ ಮನೆಯ ಒಳಗಿನ 'ಮಲಗುವ ಕೋಣೆ' ಚಿತ್ರ ಅಕ್ಟೋಬರ್‌ನಲ್ಲಿ ಮಾಡಿದ್ದು, ಪತ್ರದಲ್ಲಿ ಗೋಡೆ ತಿಳಿ ನೇರಳೆ ಅಂತ ಬರೆದಿದಾನೆ, ಮ್ಯೂಸಿಯಂನಲ್ಲಿ ನಿಂತು ನೋಡಿದ್ರೆ ನೀಲಿ. ಕೆಂಪು ಬಣ್ಣ ಬೆಳಕಿಗೆ ಹಾರಿಹೋಗಿ ನೀಲಿ ಮಾತ್ರ ಉಳಿದಿದೆ. ಅವನು ಬಳಸ್ತಿದ್ದ ಕ್ರೋಮ್ ಹಳದಿ ಕೂಡ ಕೆಲವು ಥರದ್ದು ಬೆಳಕಿಗೆ ಕಂದಾಗತ್ತೆ ಅಂತ ಸೂರ್ಯಕಾಂತಿ ಚಿತ್ರದ ಪರೀಕ್ಷೆಯಲ್ಲಿ ಗೊತ್ತಾಗಿದೆ. ಹಾಗಾಗಿ ಬಣ್ಣಕ್ಕೆ ನೋಟ್‌ಬುಕ್‌ನಲ್ಲಿ ಎರಡು ಕಾಲಂ: ಪತ್ರ ಏನು ಹೇಳತ್ತೆ, ಇವತ್ತು ಏನು ಕಾಣತ್ತೆ.

ಇಷ್ಟೆಲ್ಲ ಮಾಡಿ ನಾನು ಎರಡು ಪುಟದ ಫೈಲ್ ಮಾಡಿ ಅಪ್ಪಂಗೆ ವಾಟ್ಸಾಪ್ ಮಾಡಿದೆ. ಹೆಮ್ಮೆ ಪಡ್ತಾರೆ ಅನ್ಕೊಂಡೆ. ಫೋನ್ ಮಾಡಿ, "ಚಿತ್ರದ್ದು ಸರಿ ಕಣೋ, ಮನೇದು ಎಲ್ಲಿ? ಬಾಡಿಗೆದಾರನ ಹೆಸರು ಬರ್ದಿದೀಯ, ಓನರ್ ಕಾಲಂನೇ ಇಲ್ವಲ್ಲ" ಅಂದ್ರು. ನಿಜ, ಚಿತ್ರದ ಚೈನ್ ಬೇರೆ, ಕಟ್ಟಡದ ಚೈನ್ ಬೇರೆ, ನಾನು ಎರಡನ್ನೂ ಒಂದೇ ಹಾಳೇಲಿ ತುರುಕಿದ್ದೆ. ಮತ್ತೆ ಪತ್ರಗಳಿಗೆ ಹೋಗಿ ಟಿಪ್ಪಣಿ ಓದಿದ್ರೆ ಪಕ್ಕದಲ್ಲಿ ಹೋಟೆಲ್ ನಡೆಸ್ತಿದ್ದವನೊಬ್ಬ ಮಾಲೀಕರ ಪರವಾಗಿ ಮನೆ ನೋಡ್ಕೋತಿದ್ದ ಅಂತ ಸಿಕ್ತು. 1889ರ ಶುರುವಿನಲ್ಲಿ ಅಕ್ಕಪಕ್ಕದವರು ಈ ವಿನ್ಸೆಂಟ್‌ನ ಇಲ್ಲಿಂದ ಕಳಿಸಿ ಅಂತ ಮೇಯರ್‌ಗೆ ಅರ್ಜಿ ಕೊಟ್ಟು, ಪೊಲೀಸರು ಮನೆಗೆ ಬೀಗ ಹಾಕಿದ್ರು ಅನ್ನೋದೂ ಕಟ್ಟಡದ ಹಾಳೆಗೇ ಸೇರಬೇಕಾದ್ದು. ಈಗ ಎರಡು ಹಾಳೆ ಮಾಡಿದೀನಿ. ಕಟ್ಟಡದ ಹಾಳೇಲಿ ಮೊದಲ ಸಾಲು ಮೇ 1, 1888, ಬಾಡಿಗೆ 15 ಫ್ರಾಂಕ್, ಪತ್ರ 602. ಕೊನೇ ಸಾಲು ಜೂನ್ 25, 1944.